ಅಗ್ಗದ ಡೌನ್ ಹೊದಿಕೆ ಎಷ್ಟು ಚಳಿ ತಡೆದೀತು?

ಚಳಿಗಾಲ ಹತ್ತಿರ ಬಂದರೆ ಅಮೆರಿಕದ ಕಾಸ್ಟ್ಕೊ ಥರದ ದೊಡ್ಡ ಅಂಗಡಿಗಳಲ್ಲಿ ಒಂದು ತೆಳ್ಳನೆ ಹೊದಿಕೆ ರಾಶಿ ರಾಶಿ ಬಂದು ಬೀಳುತ್ತದೆ. ಹೊರಗೆ ನುಣುಪು ನೈಲಾನ್, ಒಳಗೆ ಡೌನ್, ಅಂದ್ರೆ ಬಾತುಕೋಳಿಯ ತುಪ್ಪಳ, ಜೊತೆಗೊಂದು ಪುಟ್ಟ ಚೀಲ. ತೂಕ ಅರ್ಧ ಕಿಲೋ ಆಸುಪಾಸು. ಬೆಲೆ ಸಾಮಾನ್ಯವಾಗಿ 20ರಿಂದ 40 ಡಾಲರ್. ಸೋಫಾದಲ್ಲಿ ಕೂತು ಟಿವಿ ನೋಡುವವರು ಕಾಲ ಮೇಲೆ ಹಾಕಿಕೊಳ್ಳಲಿ ಅಂತ ಮಾಡಿದ್ದು. ಆದರೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಸುತ್ತುವ ಜನ ಇದನ್ನು ಸುಮ್ನೆ ಬಿಡಲಿಲ್ಲ. ಕ್ಯಾಂಪಿಂಗಿಗೆಂದೇ ಹೊಲಿದ, ಮೈಮೇಲೆ ಹೊದೆಯುವ ಒಳ್ಳೆಯ ಡೌನ್ ಕ್ವಿಲ್ಟ್‌ಗೆ 300 ಡಾಲರ್ ಆರಾಮಾಗಿ ಆಗುತ್ತದೆ. ಅದರ ಹತ್ತನೇ ಒಂದು ಪಾಲಿಗೆ ಸಿಗುವ ಇದು ಸಾಲದೇ ಅಂತ ಅವರು ಕೇಳಿದರು.

ಸಾಲುತ್ತದೆ, ಒಂದು ಮಟ್ಟದ ತನಕ. ಆ ಮಟ್ಟ ಎಲ್ಲಿದೆ ಅನ್ನೋದು ಬೆಲೆಯ ಚೀಟಿಯಲ್ಲಿ ಕಾಣುವುದಿಲ್ಲ. ಮೈಯ ಶಾಖ ಯಾವ ಯಾವ ದಾರಿಯಲ್ಲಿ ಜಾರಿಕೊಳ್ಳುತ್ತದೆ ಅಂತ ನೋಡಬೇಕು. ನೋಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಟೆಂಟಿನಲ್ಲಿ ರಾತ್ರಿಯಿಡೀ ನಡುಗಿದವರಲ್ಲಿ ಬಹಳ ಜನರ ತೊಂದರೆ ಮೇಲಿನ ಹೊದಿಕೆಯದ್ದಲ್ಲ, ಕೆಳಗಿನ ಹಾಸಿಗೆಯದ್ದು.

ಬಿಸಿ ಎಲ್ಲಿಂದ ಬರುತ್ತದೆ

ಹೊದಿಕೆ ಬಿಸಿ ಕೊಡುವುದಿಲ್ಲ. ಬಿಸಿ ಕೊಡುವವರು ನಾವು. ಮಲಗಿದ ದೊಡ್ಡವರ ಮೈ ಸುಮಾರು 70–80 ವಾಟ್ ಶಾಖ ಹೊರಹಾಕುತ್ತದೆ, ಹೆಚ್ಚುಕಮ್ಮಿ ಹಳೇ ಬುರುಡೆ ಬಲ್ಬಿನಷ್ಟು. ಅದು ಬೇಗ ಹೊರಗೆ ಹೋಗದ ಹಾಗೆ ನೋಡಿಕೊಳ್ಳುವುದಷ್ಟೇ ಹೊದಿಕೆಯ ಕೆಲಸ. ಅದನ್ನೂ ನಿಜವಾಗಿ ಮಾಡುವುದು ಬಟ್ಟೆ ಅಲ್ಲ, ಗಾಳಿ. ಅಲುಗಾಡದೆ ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ದಾಟುತ್ತದೆ. ಗಾಳಿ ಓಡಾಡಲು ಶುರು ಮಾಡಿದರೆ ಮಾತ್ರ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಉಣ್ಣೆ, ಹತ್ತಿ, ಪಾಲಿಯೆಸ್ಟರ್, ಡೌನ್ ಎಲ್ಲವೂ ಮಾಡುವುದು ಒಂದೇ ಕೆಲಸ: ಗಾಳಿಯನ್ನು ಚಿಕ್ಕ ಚಿಕ್ಕ ಗೂಡುಗಳಲ್ಲಿ ಹಿಡಿದಿಡುವುದು. ಯಾವುದು ಕಡಿಮೆ ತೂಕದಲ್ಲಿ ಜಾಸ್ತಿ ಗಾಳಿ ಹಿಡಿಯುತ್ತದೋ ಅದು ಗೆದ್ದಂತೆ.

ಈ ಪಂದ್ಯದಲ್ಲಿ ಡೌನ್‌ಗೆ ಸಾಟಿ ಇಲ್ಲ. ಬಾತುಕೋಳಿ, ಹೆಬ್ಬಾತುಗಳ ಎದೆಯ ಮೇಲೆ ಹೊರಗಿನ ಗರಿಗಳ ಅಡಿಯಲ್ಲಿ ಬೆಳೆಯುವ ತುಪ್ಪಳ ಇದು. ಗರಿಗೆ ನಡುವೆ ಗಟ್ಟಿ ದಂಟು ಇರುತ್ತದೆ, ಎಳೆಗಳು ಎರಡು ಪಕ್ಕಕ್ಕೆ ಮಾತ್ರ. ತುಪ್ಪಳಕ್ಕೆ ಆ ದಂಟು ಇಲ್ಲ. ಒಂದು ಚುಕ್ಕಿಯಿಂದ ಸುತ್ತಲೂ, ಎಲ್ಲ ದಿಕ್ಕಿಗೂ ಎಳೆಗಳು ಚಾಚಿಕೊಂಡಿರುತ್ತವೆ. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ.

ಎಷ್ಟು ಉಬ್ಬುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ, ಫಿಲ್ ಪವರ್ ಅಂತ. ಒಂದು ಔನ್ಸ್, ಅಂದ್ರೆ 28 ಗ್ರಾಂ ಚಿಲ್ಲರೆ ಡೌನ್ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವ ಲೆಕ್ಕ. 650 ಫಿಲ್ ಅಂದರೆ 650 ಘನ ಇಂಚು, ಹತ್ತೂವರೆ ಲೀಟರಿಗಿಂತ ಜಾಸ್ತಿ. ಅಗ್ಗದ ಹೊದಿಕೆಗಳಲ್ಲಿ 550ರಿಂದ 700ರ ತನಕ ಬರೆದಿರುತ್ತಾರೆ. ದುಬಾರಿಯವುಗಳಲ್ಲಿ 850, 900.

ಇಲ್ಲೇ ಜನ ಎಡವುವುದು. ಫಿಲ್ ಪವರ್ ಜಾಸ್ತಿ ಇದ್ದರೆ ಹೊದಿಕೆ ಜಾಸ್ತಿ ಬೆಚ್ಚಗಿರುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ತುಪ್ಪಳದ ಗುಣ ಮಾತ್ರ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. 650 ಫಿಲ್‌ನ 250 ಗ್ರಾಂ ಡೌನ್ ಮತ್ತು 800 ಫಿಲ್‌ನ 200 ಗ್ರಾಂ ಡೌನ್ ಹೆಚ್ಚುಕಮ್ಮಿ ಒಂದೇ ಜಾಗ ತುಂಬುತ್ತವೆ. ವ್ಯತ್ಯಾಸ ಬರೀ 50 ಗ್ರಾಂ ತೂಕ. ದುಬಾರಿ ಕ್ವಿಲ್ಟ್‌ಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ 50 ಗ್ರಾಂ ಇಳಿಸಲು, ಇನ್ನೂ ತೆಳ್ಳನೆಯ ಬಟ್ಟೆಗೆ, ಕಷ್ಟದ ಹೊಲಿಗೆಗೆ ಹೋಗುತ್ತದೆ.

ಅಡುಗೆಮನೆ ತಕ್ಕಡಿಯಲ್ಲಿ ಲೆಕ್ಕ

ಒಳಗೆ ಎಷ್ಟು ಗ್ರಾಂ ಡೌನ್ ಇದೆ ಅಂತ ಅಗ್ಗದ ಹೊದಿಕೆಯ ಚೀಟಿ ಹೇಳುವುದು ಅಪರೂಪ. ಪರವಾಗಿಲ್ಲ, ನಾವೇ ಅಂದಾಜು ಮಾಡಬಹುದು. ಹೊದಿಕೆಯನ್ನು ಅಡುಗೆಮನೆ ತಕ್ಕಡಿಯ ಮೇಲೆ ಇಡಿ. 500 ಗ್ರಾಂ ತೋರಿಸಿತು ಅಂದುಕೊಳ್ಳಿ. ಅಳತೆ 60 ಇಂಚು ಅಗಲ, 70 ಇಂಚು ಉದ್ದ, ಅಂದ್ರೆ 152 ಸೆಂ.ಮೀ. ಮತ್ತು 178 ಸೆಂ.ಮೀ. ಒಂದು ಪದರದ ಬಟ್ಟೆ 2.7 ಚದರ ಮೀಟರ್. ಮೇಲೆ ಒಂದು, ಕೆಳಗೆ ಒಂದು, ಒಟ್ಟು 5.4. ಇಂಥ ನೈಲಾನ್ ಚದರ ಮೀಟರಿಗೆ 45 ಗ್ರಾಂ ತೂಗುತ್ತದೆ ಅಂತ ಹಿಡಿದರೆ ಬಟ್ಟೆಯೇ 240 ಗ್ರಾಂ ಆಯಿತು. ದಾರ, ಅಂಚುಪಟ್ಟಿ ಕಳೆದರೆ ಉಳಿಯುವುದು ಸುಮಾರು 250 ಗ್ರಾಂ ತುಪ್ಪಳ.

650 ಫಿಲ್‌ನ 250 ಗ್ರಾಂ ತುಪ್ಪಳ 94 ಲೀಟರ್ ಜಾಗ ತುಂಬುತ್ತದೆ. ಅದನ್ನು 2.7 ಚದರ ಮೀಟರ್ ಮೇಲೆ ಸಮವಾಗಿ ಹರಡಿದರೆ ದಪ್ಪ ಮೂರೂವರೆ ಸೆಂ.ಮೀ. ಕಾಗದದ ಮೇಲೆ ಇದು ಚೆನ್ನಾಗಿದೆ. ನಿಜವಾದ ಹೊದಿಕೆಯನ್ನು ನೆಲದ ಮೇಲೆ ಹಾಸಿ, ಚೆನ್ನಾಗಿ ಒದರಿ, ಅರ್ಧ ಗಂಟೆ ಬಿಟ್ಟು ಸ್ಕೇಲ್ ಹಿಡಿದು ನೋಡಿದರೆ ಸರಾಸರಿ ಎರಡೂವರೆ ಸೆಂ.ಮೀ. ಸಿಕ್ಕರೆ ಹೆಚ್ಚು. ಉಳಿದದ್ದನ್ನು ಹೊಲಿಗೆ ನುಂಗಿರುತ್ತದೆ.

ಕ್ವಿಲ್ಟ್ ಹೊಲಿಯುವವರಲ್ಲಿ ಒಂದು ಒರಟು ಲೆಕ್ಕ ಚಾಲ್ತಿಯಲ್ಲಿದೆ. ಮೈಮೇಲಿನ ಪದರ ಒಂದು ಇಂಚು, ಅಂದ್ರೆ ಎರಡೂವರೆ ಸೆಂ.ಮೀ. ದಪ್ಪ ಇದ್ದರೆ 10 ಡಿಗ್ರಿ ಸೆಲ್ಸಿಯಸ್ ತನಕ ನಡೆಯುತ್ತದೆ. ಒಂದೂವರೆ ಇಂಚಿಗೆ 4–5 ಡಿಗ್ರಿ. ಎರಡು ಇಂಚಿಗೆ ಸೊನ್ನೆ ಆಸುಪಾಸು. ಇದು ಶಾಸನವೇನಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ. ಊಟ ಮಾಡದೆ ಮಲಗಿದವರಿಗೆ, ಸುಸ್ತಾದವರಿಗೆ, ವಯಸ್ಸಾದವರಿಗೆ ಚಳಿ ಬೇಗ ತಾಗುತ್ತದೆ. ಆದರೂ ಅಗ್ಗದ ಹೊದಿಕೆಯ ಹಣೆಬರಹ ಇದರಿಂದ ಗೊತ್ತಾಗುತ್ತದೆ: ಒಂದೇ ಹೊದ್ದರೆ 10 ಡಿಗ್ರಿ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಬೇರೆ ಏನಾದರೂ ಕೈಜೋಡಿಸಬೇಕು.

ಸ್ಲೀಪಿಂಗ್ ಬ್ಯಾಗ್‌ಗಳ ಮೇಲೆ ಬರೆದ ಡಿಗ್ರಿಗೂ ಇದಕ್ಕೂ ಹೋಲಿಸಬೇಡಿ. ಅವನ್ನು ಐಎಸ್‌ಒ 23537 ಅನ್ನುವ ಮಾನದಂಡದ ಪ್ರಕಾರ, ಶಾಖ ಹೊಮ್ಮಿಸುವ ಗೊಂಬೆಯನ್ನು ಒಳಗೆ ಮಲಗಿಸಿ ಅಳೆಯುತ್ತಾರೆ. ಆ ಗೊಂಬೆಗೆ ಒಳಉಡುಪು ಹಾಕಿರುತ್ತಾರೆ, ಕೆಳಗೆ ಹಾಸಿಗೆಯನ್ನೂ ಹಾಸಿರುತ್ತಾರೆ. ಸೋಫಾ ಹೊದಿಕೆಯನ್ನು ಹಾಗೆ ಯಾರೂ ಅಳೆಯುವುದಿಲ್ಲ. ಅದರ ಮೇಲೆ ಡಿಗ್ರಿ ಬರೆದಿದ್ದರೆ ನಾನಂತೂ ನಂಬುವುದಿಲ್ಲ.

ಹೊಲಿಗೆಯ ಸಾಲು

ಹೊದಿಕೆಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ತುಪ್ಪಳ ಇರುವ ಕಡೆ ಮೋಡದ ಹಾಗೆ ಕಪ್ಪಗೆ ಕಾಣುತ್ತದೆ. ನಡುವೆ ಹೊಲಿಗೆಯ ಸಾಲುಗಳು ಬೆಳ್ಳಗೆ ಹೊಳೆಯುತ್ತವೆ. ಅಲ್ಲಿ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಒಂದಕ್ಕೊಂದು ಅಂಟಿಕೊಂಡಿವೆ. ದಪ್ಪ ಸೊನ್ನೆ. ಪ್ರತಿ ಸಾಲೂ ಶಾಖ ಜಾರಿ ಹೋಗಲು ಒಂದು ಓಣಿ.

ಹೊಲಿಗೆ ಬೇಡವೇ ಬೇಡ ಅನ್ನುವ ಹಾಗೂ ಇಲ್ಲ. ಹೊಲಿಯದಿದ್ದರೆ ತುಪ್ಪಳವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ. ಸಿಯಾಟಲ್‌ನ ಎಡ್ಡಿ ಬಾವರ್ 1936ರಲ್ಲಿ ಮಾಡಿದ ಸ್ಕೈಲೈನರ್ ಡೌನ್ ಜಾಕೆಟ್ಟಿಗೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ತುಪ್ಪಳ ಜಾರದ ಹಾಗೆ ವಜ್ರದಾಕಾರದಲ್ಲಿ ಹಾಕಿದ ಹೊಲಿಗೆ ಆ ಜಾಕೆಟ್ಟಿನ ಗುರುತು. ಅಗ್ಗದ ಹೊದಿಕೆಯಲ್ಲಿ ಇವತ್ತಿಗೂ ಅದೇ ದಾರಿ, ಯಾಕೆಂದರೆ ಯಂತ್ರಕ್ಕೆ ಇದು ಸುಲಭದ ಕೆಲಸ. ದುಬಾರಿ ಕ್ವಿಲ್ಟ್‌ಗಳಲ್ಲಿ ಎರಡು ಬಟ್ಟೆಗಳ ನಡುವೆ ಜಾಲರಿಯ ಪುಟ್ಟ ಗೋಡೆಗಳನ್ನು ನಿಲ್ಲಿಸಿರುತ್ತಾರೆ. ಹಾಗಾಗಿ ಹೊಲಿಗೆ ಇರುವ ಕಡೆಯೂ ದಪ್ಪ ಉಳಿಯುತ್ತದೆ. ಬೆಲೆ ಏರುವುದಕ್ಕೆ ಇದೂ ಒಂದು ಕಾರಣ, ಮತ್ತು ನ್ಯಾಯವಾದ ಕಾರಣ.

ಬಡವರ ಉಪಾಯ ಬೇರೆ ಇದೆ. ಎರಡು ಹೊದಿಕೆ ತೆಗೆದುಕೊಳ್ಳಿ. ಒಂದರ ಮೇಲೆ ಒಂದು ಹಾಕುವಾಗ ಹೊಲಿಗೆಯ ಸಾಲುಗಳು ಒಂದರ ಮೇಲೊಂದು ಬರದ ಹಾಗೆ ಅರ್ಧ ಗೂಡಿನಷ್ಟು (ಹೊಲಿಗೆಯ ಸಾಲುಗಳ ನಡುವೆ ತುಪ್ಪಳ ತುಂಬಿದ ಜಾಗವೇ ಗೂಡು) ಪಕ್ಕಕ್ಕೆ ಸರಿಸಿ. ಮೇಲಿನದರ ದಪ್ಪ ಭಾಗ ಕೆಳಗಿನದರ ತೆಳು ಸಾಲನ್ನು ಮುಚ್ಚುತ್ತದೆ. ಹೀಗೆ ಮಾಡಿದರೆ ಒಟ್ಟು ಒಂದು ಕಿಲೋ ತೂಕದಲ್ಲಿ 3–4 ಡಿಗ್ರಿ ತನಕ ಧೈರ್ಯವಾಗಿ ಹೋಗಬಹುದು. ಕಾರು ಪಕ್ಕದಲ್ಲೇ ನಿಲ್ಲಿಸುವವರಿಗೆ ಒಂದು ಕಿಲೋ ಲೆಕ್ಕಕ್ಕೇ ಇಲ್ಲ. ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ನಡೆಯುವವರು ಮಾತ್ರ ಇಲ್ಲಿಗೆ ನಿಲ್ಲಿಸಿ ಒಳ್ಳೆಯ ಕ್ವಿಲ್ಟ್‌ಗೆ ದುಡ್ಡು ಕೂಡಿಡುವುದು ಮೇಲು.

ನೆಲ ಎಳೆದುಕೊಳ್ಳುವ ಶಾಖ

ಈಗ ಹಾಸಿಗೆಯ ವಿಷಯ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಅಕ್ಟೋಬರಿನಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಾರೆ. ಹಗಲು ಶರ್ಟಿನಲ್ಲೇ ಓಡಾಡಬಹುದು. ರಾತ್ರಿ ಕಣಿವೆಯಲ್ಲಿ 5–6 ಡಿಗ್ರಿಗೆ ಇಳಿಯುವುದು ಮಾಮೂಲು. ಟೆಂಟಿನೊಳಗೆ ಮೊಳಕಾಲೆತ್ತರದ ಗಾಳಿ ಹಾಸಿಗೆ, ಪಂಪಿನಲ್ಲಿ ಊದಿದ್ದು. ಮೇಲೆ ಎರಡು ಕಂಫರ್ಟರ್, ಅದರ ಮೇಲೆ ಒಂದು ಕಂಬಳಿ. ಆದರೂ ಬೆಳಗಿನ ಜಾವ ಮೂರಕ್ಕೆ ಎಲ್ಲರೂ ಎದ್ದು ಕೂತಿರುತ್ತಾರೆ. ಇನ್ನೊಂದು ಕಂಬಳಿ ತರಬೇಕಿತ್ತು ಅಂತ ಮಾತು ಬರುತ್ತದೆ. ಹತ್ತು ತಂದರೂ ಅಷ್ಟೇ.

ಯಾಕೆ ಅಂದರೆ, ಆ ದಪ್ಪ ಹಾಸಿಗೆಯೊಳಗಿನ ಗಾಳಿ ನಿಂತ ಗಾಳಿಯಲ್ಲ. ಅಷ್ಟು ದೊಡ್ಡ ಕೋಣೆಯಲ್ಲಿ ಅದು ಸುತ್ತುತ್ತಿರುತ್ತದೆ. ನೀವು ಹೊರಳಿದಾಗೆಲ್ಲ ಒಳಗೇ ಕಲಕಿಕೊಳ್ಳುತ್ತದೆ. ಮೈಯ ಶಾಖ ಮೇಲಿನ ಬಟ್ಟೆಗೆ ತಾಗುತ್ತದೆ, ಒಳಗಿನ ಗಾಳಿ ಅದನ್ನು ಕೆಳಗೆ ಹಾಗೂ ಪಕ್ಕಕ್ಕೆ ಹೊತ್ತುಕೊಂಡು ಹೋಗುತ್ತದೆ, ನೆಲ ನುಂಗುತ್ತದೆ. ಬೆಳಗಾಗುವ ತನಕ ಇದೇ ಕಥೆ.

ಮೈಕೆಳಗೆ ಡೌನ್ ಹಾಸಿಕೊಂಡರೂ ಉಪಯೋಗವಿಲ್ಲ. ನಮ್ಮ ಭಾರಕ್ಕೆ ತುಪ್ಪಳ ಚಪ್ಪಟೆಯಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಸ್ಲೀಪಿಂಗ್ ಬ್ಯಾಗಿನ ಬೆನ್ನಿನ ಕಡೆಯ ತುಪ್ಪಳದ ಪಾಡೂ ಇದೇ. ಈ ಕಾರಣಕ್ಕೇ ಬೆನ್ನ ಭಾಗವನ್ನೇ ಬಿಟ್ಟುಬಿಟ್ಟು, ಮೇಲೆ ಮಾತ್ರ ಹೊದೆಯುವ ಕ್ವಿಲ್ಟ್ ಸಾಕು ಅಂತ ಕೆಲವರು ವಾದಿಸಿದರು. 1990ರ ದಶಕದಲ್ಲಿ ಅಮೆರಿಕದ ದೂರದಾರಿ ಚಾರಣಿಗರ ನಡುವೆ ಇದನ್ನು ಜನಪ್ರಿಯ ಮಾಡಿದವರಲ್ಲಿ ರೇ ಜಾರ್ಡಿನ್ ಮುಖ್ಯರು. ಬಂಡೆ ಹತ್ತುವವರು ಬಿರುಕಿಗೆ ಸಿಕ್ಕಿಸುವ ಫ್ರೆಂಡ್ಸ್ ಅನ್ನುವ ಸಾಧನ ಮಾಡಿದವರೂ ಅವರೇ. ಸೋಫಾ ಹೊದಿಕೆ ಕ್ಯಾಂಪಿಗೆ ಬಂದದ್ದು ಈ ಯೋಚನೆಯ ಬೆನ್ನಿಗೆ.

ಹಾಸಿಗೆ ನೆಲಕ್ಕೆ ಎಷ್ಟು ಶಾಖ ಬಿಟ್ಟುಕೊಡುವುದಿಲ್ಲ ಅನ್ನುವುದಕ್ಕೆ ಆರ್-ವ್ಯಾಲ್ಯೂ ಅಂತ ಅಂಕೆ ಇದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೊದಲು ಒಂದೊಂದು ಕಂಪನಿ ಒಂದೊಂದು ಥರ ಅಳೆಯುತ್ತಿತ್ತು. ಈಗ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಮಾನದಂಡ ಇದೆ. ಮಡಚುವ ಫೋಮ್ ಹಾಸಿಗೆಗೆ 2ರ ಹತ್ತಿರ ಇರುತ್ತದೆ. ಒಳಗೆ ನಿರೋಧಕ ಪದರ ಇರುವ ಊದುವ ಹಾಸಿಗೆಗಳು 3, 4, ಇನ್ನೂ ಮೇಲಕ್ಕೂ ಹೋಗುತ್ತವೆ. ಒಳಗೆ ಏನೂ ಇಲ್ಲದ ದಪ್ಪ ಗಾಳಿ ಹಾಸಿಗೆ 1ರ ಆಚೀಚೆ. ಯೋಗ ಮ್ಯಾಟ್ ಅದಕ್ಕಿಂತ ಕಡೆ. 10 ಡಿಗ್ರಿಯ ರಾತ್ರಿಗೆ 2 ಸಾಕು. 5ರ ಹತ್ತಿರ ಹೋಗುವಾಗ 3 ಇರಲಿ. ಇವು ಕೂಡುವ ಅಂಕೆಗಳು. ಒಂದರ ಮೇಲೆ ಒಂದು ಹಾಸಿದರೆ 2 ಮತ್ತು 1 ಸೇರಿ 3 ಆಗುತ್ತದೆ. ಗಾಳಿ ಹಾಸಿಗೆಯನ್ನು ಬಿಡಲು ಮನಸ್ಸಿಲ್ಲದವರು ಅದರ ಮೇಲೆ, ಮೈಗೆ ತಾಗುವ ಕಡೆ, ಒಂದು ಫೋಮ್ ಹಾಸಿದರೆ ರಾತ್ರಿ ಕಳೆದುಹೋಗುತ್ತದೆ.

ನಿಮ್ಮ ಕೈಯಲ್ಲಿ 60 ಡಾಲರ್ ಇದ್ದರೆ 35ನ್ನು ಹಾಸಿಗೆಗೆ, 25ನ್ನು ಹೊದಿಕೆಗೆ ಹಾಕಿ ಅನ್ನುತ್ತೇನೆ. ಬಹಳ ಜನ ಮಾಡುವುದು ಇದರ ಉಲ್ಟಾ.

ಅಂಚು, ಪಾದ, ತಲೆ

ಹೊದಿಕೆಗೆ ಜಿಪ್ ಇಲ್ಲ, ಟೋಪಿ ಇಲ್ಲ. ಮಗ್ಗಲು ಬದಲಿಸಿದಾಗ ಒಂದು ಅಂಚು ಎದ್ದು ಒಳಗಿನ ಬಿಸಿಗಾಳಿ ಬುಸ್ ಅಂತ ಹೊರಗೆ ಹೋಗುತ್ತದೆ. ಇದಕ್ಕೆ ಸ್ವಲ್ಪ ಸೂಜಿ ಕೆಲಸ ಬೇಕು. ಕಾಲಿನ ಕಡೆಯ ಎರಡು ಅಂಚುಗಳನ್ನು ಮೊಣಕಾಲಿನ ತನಕ ಒಂದಕ್ಕೊಂದು ಸೇರಿಸಿ. ಒತ್ತುಗುಂಡಿ ಆಗಬಹುದು, ವೆಲ್ಕ್ರೋ ಆಗಬಹುದು, ಕೈಹೊಲಿಗೆಯೂ ಆಗಬಹುದು. ತುದಿಯಲ್ಲಿ ಒಂದು ದಾರ ಪೋಣಿಸಿ ಬಿಗಿದರೆ ಪಾದಕ್ಕೆ ಚೀಲವಾಗುತ್ತದೆ. ಸೂಜಿ ಹೋಗುವುದು ಅಂಚುಪಟ್ಟಿಯಲ್ಲಿ ಮಾತ್ರ ಇರಲಿ. ತುಪ್ಪಳದ ಗೂಡಿಗೆ ಚುಚ್ಚಿದರೆ ಅಲ್ಲಿಂದ ಸೋರುತ್ತಲೇ ಇರುತ್ತದೆ. ಸೊಂಟದ ಹತ್ತಿರ ಎರಡೂ ಅಂಚಿಗೆ ಲೂಪ್ ಹಾಕಿ, ಎಲಾಸ್ಟಿಕ್ ಪಟ್ಟಿಯನ್ನು ಹಾಸಿಗೆಯ ಅಡಿಯಿಂದ ತಂದು ಕಟ್ಟಿದರೆ ಎಷ್ಟು ಹೊರಳಿದರೂ ಅಂಚು ಏಳುವುದಿಲ್ಲ.

152 ಸೆಂ.ಮೀ. ಅಗಲ ಒಬ್ಬರಿಗೆ ಧಾರಾಳ. ಉದ್ದವೇ ಕಿರಿಕಿರಿ. ಪಾದದ ಚೀಲಕ್ಕೆ ಒಂದು ಗೇಣು ಹೋದರೆ ಐದೂವರೆ ಅಡಿಯವರಿಗೆ ಕುತ್ತಿಗೆ ತನಕ ಬರುತ್ತದೆ. ಆರಡಿಯವರು ಜಾಕೆಟ್ ಹಾಕಿಕೊಂಡೇ ಮಲಗಬೇಕಾಗುತ್ತದೆ. ಒಂದೇ ಹೊದಿಕೆಯಲ್ಲಿ ಇಬ್ಬರು ಅನ್ನುವ ಆಸೆಯನ್ನಂತೂ ಬಿಟ್ಟುಬಿಡಿ.

ಮೈಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಸುಳ್ಳು. ಆದರೆ ಉಳಿದ ಮೈಯೆಲ್ಲ ಮುಚ್ಚಿ ತಲೆ ಮಾತ್ರ ತೆರೆದಿದ್ದರೆ ಶಾಖ ಹೋಗುವ ದೊಡ್ಡ ಬಾಗಿಲು ಅದೇ ಅಲ್ವಾ? ಇದಕ್ಕೆ ಅಂಗಡಿಯಲ್ಲಿ ಡೌನ್ ಹುಡ್ ಅಂತ ಪ್ರತ್ಯೇಕವಾಗಿ ಮಾರುತ್ತಾರೆ. ಅಜ್ಜಂದಿರ ಮಂಕಿ ಟೋಪಿ ಅದೇ ಕೆಲಸ ಮಾಡುತ್ತದೆ. ಕಿವಿ, ಗದ್ದ, ಕುತ್ತಿಗೆ ಎಲ್ಲ ಒಂದೇ ಏಟಿಗೆ ಮುಚ್ಚುತ್ತದೆ. ಫೋಟೋ ಮಾತ್ರ ತೆಗೆಯಬೇಡಿ.

ಒಂದು ಎಚ್ಚರಿಕೆ ಮಕ್ಕಳ ಬಗ್ಗೆ. ಒಂದು ವರ್ಷದೊಳಗಿನ ಕೂಸಿಗೆ ಇಂಥ ಸಡಿಲ ಹೊದಿಕೆ ಹೊದಿಸಲೇಬಾರದು. ಮುಖದ ಮೇಲೆ ಬಂದರೆ ಉಸಿರಿಗೆ ಕುತ್ತು.

ತೇವ ಬಂದರೆ

ಡೌನ್‌ನ ಶತ್ರು ನೀರು. ಒದ್ದೆಯಾದ ತುಪ್ಪಳದ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಗೂಡುಗಳು ಕುಸಿಯುತ್ತವೆ. ಆಮೇಲೆ ಅದು ಬರೀ ಎರಡು ಪದರ ನೈಲಾನ್. ಮಳೆಯೇ ಬರಬೇಕಾಗಿಲ್ಲ. ಒಬ್ಬರು ಮಲಗಿದರೆ ಉಸಿರು, ಬೆವರಿನಲ್ಲಿ ಒಂದೂವರೆ ಲೋಟದಷ್ಟು ನೀರು ರಾತ್ರಿಯಲ್ಲಿ ಆವಿಯಾಗಿ ಹೋಗುತ್ತದೆ. ಟೆಂಟಿನ ಕಿಟಕಿಗಳನ್ನೆಲ್ಲ ಮುಚ್ಚಿದರೆ ಅದು ಒಳಗಿನ ಬಟ್ಟೆಗೆ ಹನಿಗಟ್ಟಿ, ಬೆಳಗಾಗುವಾಗ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟೇ ಚಳಿಯಿರಲಿ, ಮೇಲ್ಗಡೆ ಒಂದು ಕಿಂಡಿ ತೆರೆದಿರಲಿ. ಮುಖವನ್ನು ಹೊದಿಕೆಯೊಳಗೆ ಹುದುಗಿಸಿಕೊಂಡು ಉಸಿರಾಡಬೇಡಿ.

ಈ ಹೊದಿಕೆಗಳು ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ಕರ್ನಾಟಕಕ್ಕೂ ಬರುತ್ತಿವೆ. ಇಲ್ಲಿ ಸ್ವಲ್ಪ ಯೋಚಿಸಬೇಕು. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗಿನ ಎತ್ತರದ ಜಾಗಗಳಲ್ಲಿ 10–12 ಡಿಗ್ರಿಯ ರಾತ್ರಿಗಳಿರುತ್ತವೆ. ಡಿಗ್ರಿಯ ಲೆಕ್ಕದಲ್ಲಿ ಇದು ಹೇಳಿ ಮಾಡಿಸಿದ ಹೊದಿಕೆ. ಆದರೆ ಘಟ್ಟದ ಮಂಜು ಟೆಂಟಿನೊಳಗೂ ಬರುತ್ತದೆ, ಇಬ್ಬನಿ ಮಳೆಯಂತೆ ಸುರಿಯುತ್ತದೆ. ಒಂದು ರಾತ್ರಿಗಾದರೆ ಚಿಂತೆಯಿಲ್ಲ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಒಂದು ಗಂಟೆ ಹರಡಿದರೆ ಸರಿಹೋಗುತ್ತದೆ. ಬಿಸಿಲೇ ಕಾಣದ ಕಾಡಿನಲ್ಲಿ ಸಾಲಾಗಿ ಮೂರ್ನಾಲ್ಕು ರಾತ್ರಿ ಇರುವುದಾದರೆ ಪಾಲಿಯೆಸ್ಟರ್ ತುಂಬಿದ ಸ್ಲೀಪಿಂಗ್ ಬ್ಯಾಗ್ ವಾಸಿ. ಅದು ಭಾರ, ಆದರೆ ತೇವಕ್ಕೆ ಅಷ್ಟು ಬೇಗ ಸೋಲುವುದಿಲ್ಲ.

ಕುರಿ ಉಣ್ಣೆಯ ನಮ್ಮ ಕರಿ ಕಂಬಳಿಯೂ ಹಾಗೆಯೇ. ಬೆನ್ನಿಗೆ ಹೊರಲು ಆಗುವುದಿಲ್ಲ, ಮೈಗೆ ಚುಚ್ಚುತ್ತದೆ, ಆದರೆ ತೇವವಾದರೂ ಬೆಚ್ಚಗಿರುತ್ತದೆ. ಇನ್ನೊಂದು ದೊಡ್ಡ ಗುಣ ಬೆಂಕಿಯ ಹತ್ತಿರ ಗೊತ್ತಾಗುತ್ತದೆ. ಕಿಡಿ ಬಿದ್ದರೆ ಉಣ್ಣೆ ಸ್ವಲ್ಪ ಕರಕಲಾಗುತ್ತದೆ, ಅಷ್ಟೇ. ನೈಲಾನ್ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿ ತೂತಾಗುತ್ತದೆ, ತುಪ್ಪಳ ಹಾರಲು ಶುರುವಾಗುತ್ತದೆ. ಕ್ಯಾಂಪ್‌ಫೈರ್ ಸುತ್ತ ಕಂಬಳಿ, ಟೆಂಟಿನೊಳಗೆ ಡೌನ್. ಜೇಬಿನಲ್ಲಿ ಒಂದು ತುಂಡು ರಿಪೇರಿ ಟೇಪ್ ಇರಲಿ.

ಕೊಳ್ಳುವಾಗ, ತೊಳೆಯುವಾಗ

ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಬಿಟ್ಟು ಒಳಗೆ ಹೊಲಿದ ಚೀಟಿ ಓದಿ. 'ಡೌನ್ ಆಲ್ಟರ್ನೇಟಿವ್' ಅಂತಿದ್ದರೆ ಅದು ಪಾಲಿಯೆಸ್ಟರ್. ಕೆಟ್ಟದ್ದೇನಲ್ಲ, ಆದರೆ ಅಷ್ಟೇ ತೂಕಕ್ಕೆ ಅಷ್ಟು ಬೆಚ್ಚಗಿರದು. ಬರೀ 'ಫೆದರ್' ಅಂತಿದ್ದರೆ ದಂಟಿರುವ ಗರಿ; ಭಾರ, ಮತ್ತು ಚುಚ್ಚುತ್ತದೆ. ಡೌನ್ ಶೇಕಡಾ 80ಕ್ಕಿಂತ ಮೇಲಿದ್ದು ಉಳಿದದ್ದು ಗರಿಯಾಗಿದ್ದರೆ ಕೊಳ್ಳಬಹುದು. ಮೇಲ್ಬಟ್ಟೆ ಹತ್ತಿಯಾಗಿದ್ದರೆ ಅದು ಮಂಚಕ್ಕೆ ಮಾಡಿದ್ದು. ತೇವ ಹೀರುತ್ತದೆ, ಟೆಂಟಿಗೆ ಬೇಡ.

ಹಕ್ಕಿಯ ತುಪ್ಪಳ ಅಂದ ಕೂಡಲೇ ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ಅದು ಸಹಜ. ಹೆಚ್ಚಿನ ಡೌನ್ ಮಾಂಸಕ್ಕೆ ಸಾಕಿದ ಬಾತುಕೋಳಿಗಳಿಂದ ಬರುತ್ತದೆ, ಬಹುಪಾಲು ಚೀನಾದಿಂದ. ಜೀವಂತ ಹಕ್ಕಿಯಿಂದ ಕಿತ್ತದ್ದಲ್ಲ ಅಂತ ಖಾತ್ರಿ ಬೇಕಿದ್ದರೆ 2014ರಲ್ಲಿ ಬಂದ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್, ಅಂದ್ರೆ ಆರ್‌ಡಿಎಸ್ ಗುರುತು ಇದೆಯಾ ನೋಡಿ. ಹಕ್ಕಿಯ ತುಪ್ಪಳವೇ ಬೇಡ ಅನ್ನುವವರಿಗೆ ಪಾಲಿಯೆಸ್ಟರ್ ಇದ್ದೇ ಇದೆ.

ಮನೆಗೆ ತಂದ ಮೇಲೆ ಒಂದೊಂದು ಗರಿ ಬಟ್ಟೆಯಿಂದ ತುದಿ ತೋರಿಸುತ್ತದೆ. ಹಿಡಿದು ಎಳೆಯಬೇಡಿ. ಎಳೆದರೆ ತೂತು ದೊಡ್ಡದಾಗಿ ಹಿಂದೆಯೇ ತುಪ್ಪಳವೂ ಬರುತ್ತದೆ. ಹಿಂಬದಿಯಿಂದ ಬಟ್ಟೆಯ ಸಮೇತ ಚಿವುಟಿ ಗರಿಯನ್ನು ಒಳಕ್ಕೆ ಎಳೆದುಕೊಳ್ಳಿ, ತೂತಿನ ಮೇಲೆ ಬೆರಳು ಉಜ್ಜಿ, ನೇಯ್ಗೆ ಮತ್ತೆ ಕೂಡಿಕೊಳ್ಳುತ್ತದೆ. ಪುಟ್ಟ ಚೀಲದಲ್ಲಿ ತುರುಕಿ ತಿಂಗಳುಗಟ್ಟಲೆ ಇಡುವುದೂ ತಪ್ಪು. ತುಪ್ಪಳ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ.

ತೊಳೆಯುವುದು ಅಪರೂಪಕ್ಕೆ ಸಾಕು. ಮಾಮೂಲಿ ಸೋಪುಪುಡಿ ತುಪ್ಪಳದ ಎಣ್ಣೆಯಂಶ ತೆಗೆದುಬಿಡುತ್ತದೆ, ಡೌನ್‌ಗೆಂದೇ ಇರುವ ದ್ರಾವಣ ಬಳಸಿ. ಮುಂದೆ ಬಾಗಿಲಿರುವ ಮಷೀನಿನಲ್ಲಿ, ಕಡಿಮೆ ವೇಗದಲ್ಲಿ ಹಾಕಿ. ಒದ್ದೆ ಹೊದಿಕೆಯನ್ನು ಒಂದು ತುದಿ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಒಳಗಿನ ಹೊಲಿಗೆ ಕಿತ್ತುಬರುತ್ತದೆ, ಎರಡೂ ಕೈಯಲ್ಲಿ ತಬ್ಬಿ ತೆಗೆಯಿರಿ. ಡ್ರೈಯರ್ ಇದ್ದರೆ ಸಣ್ಣ ಶಾಖದಲ್ಲಿ ಎರಡು ಮೂರು ಟೆನ್ನಿಸ್ ಚೆಂಡು ಹಾಕಿ ತಿರುಗಿಸಿ, ಚೆಂಡುಗಳು ಮುದ್ದೆಗಳನ್ನು ಒಡೆಯುತ್ತವೆ. ಕೆಲವು ಗಂಟೆ ಹಿಡಿಯುತ್ತದೆ. ಡ್ರೈಯರ್ ಇಲ್ಲದ ಮನೆಯಲ್ಲಿ ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ದಿನಕ್ಕೆ ನಾಲ್ಕೈದು ಸಲ ಒಂದೊಂದು ಗೂಡನ್ನೂ ಬೆರಳಲ್ಲಿ ಬಿಡಿಸುತ್ತಿರಬೇಕು. ಹೊರಗಿನ ಬಟ್ಟೆ ಒಣಗಿದ ಮೇಲೂ ಒಳಗೆ ತೇವ ಉಳಿದಿರುತ್ತದೆ. ಪ್ರತಿ ಗೂಡನ್ನೂ ಹಿಸುಕಿ ನೋಡಿ. ಎಲ್ಲೂ ಗಂಟು ಕೈಗೆ ಸಿಗದಿದ್ದರೆ ಮಾತ್ರ ಒಣಗಿದೆ ಅಂತ ಲೆಕ್ಕ.